ಒಂದೇ ಕಂಪ್ಯೂಟರ್‌ಗೆ ನೆಟ್ ಹೋಗಿ ಹೋಗಿ ಬರುತ್ತಿದ್ದರೆ

ಆಫೀಸಿನ ಉಳಿದೆಲ್ಲ ಕಂಪ್ಯೂಟರ್ ಸರಿಯಾಗಿ ನಡೆಯುತ್ತಿವೆ. ಅಕೌಂಟ್ಸ್ ಮೇಜಿನ ಮೇಲಿನದು ಮಾತ್ರ ಆಗಾಗ ನೆಟ್ ಕಳೆದುಕೊಂಡು ಸ್ವಲ್ಪ ಹೊತ್ತಿಗೆ ತಾನೇ ಸರಿಯಾಗುತ್ತದೆ. ಹಾಸನದ ಬಿ.ಎಂ. ರಸ್ತೆಯ ಆಫೀಸಾಗಲಿ, ಸಕಲೇಶಪುರದ ಕಡೆಯ ಎಸ್ಟೇಟ್ ಆಫೀಸಾಗಲಿ, ಇಂಥ ಕರೆ ಬಂದಾಗ ರಿಪೇರಿಯವರಾದ ನಮಗೆ ಕೇಳಿಸುವ ಮಾತು ಒಂದೇ: ‘ಸಾರ್, ರೀಸ್ಟಾರ್ಟ್ ಮಾಡಿದ್ವಿ, ಈಗ ಬಂತು.’ ಬಂತು ನಿಜ, ಸುಳಿವೂ ಅದರ ಜೊತೆಗೇ ಹೋಯಿತು. ರೀಸ್ಟಾರ್ಟ್ ಆದಾಗ ಲಿಂಕ್ (ಕೇಬಲ್ಲಿನ ಎರಡು ತುದಿಗಳ ನಡುವಿನ ಸಂಪರ್ಕ) ಹೊಸದಾಗಿ ಕೂಡುತ್ತದೆ, ಐಪಿ ವಿಳಾಸವನ್ನು (ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ಸಂಖ್ಯೆ) ಮತ್ತೆ ಕೇಳಲಾಗುತ್ತದೆ, ಎಆರ್‌ಪಿ ಪಟ್ಟಿ (ಯಾವ ಐಪಿ ಯಾವ ಯಂತ್ರದ್ದು ಎಂಬ ಪಟ್ಟಿ) ಖಾಲಿಯಾಗುತ್ತದೆ. ಮೂರರಲ್ಲಿ ಯಾವುದರಿಂದ ಸರಿಹೋಯಿತು ಎಂದು ಹೇಳುವ ದಾರಿಯೇ ಉಳಿಯುವುದಿಲ್ಲ. ಹಾಗಾಗಿ ಮೇಜಿನವರಿಗೆ ಮೊದಲು ಹೇಳಬೇಕಾದದ್ದು, ನೆಟ್ ಹೋದಾಗ ಏನನ್ನೂ ಮುಟ್ಟದೆ ಟೈಮ್ ಬರೆದಿಡಿ, ಕಂಪ್ಯೂಟರಿನ ಹಿಂದೆ ಕೇಬಲ್ ಸಿಕ್ಕಿಸಿದ ಪೋರ್ಟಿನ ದೀಪ ಉರಿಯುತ್ತಿದೆಯೋ ಇಲ್ಲವೋ ನೋಡಿ.

ಆ ಹೊತ್ತಿಗೆ ನಾವು ಅಲ್ಲಿ ಇರುವುದಿಲ್ಲ. ಅದಕ್ಕೇ ಆ ಕಂಪ್ಯೂಟರಿನಲ್ಲಿ ಮೂರು ಕಪ್ಪು ಕಿಟಕಿ (ಕಮಾಂಡ್ ಪ್ರಾಂಪ್ಟ್) ತೆರೆದು ಮೂರರಲ್ಲೂ ನಿಲ್ಲದ ಪಿಂಗ್ (‘ಇದ್ದೀಯಾ’ ಎಂದು ಕೇಳಿ ಉತ್ತರ ಕಾಯುವ ಕಮಾಂಡ್) ಬಿಡುತ್ತೇವೆ: ಒಂದು ರೂಟರಿಗೆ (ಸಾಮಾನ್ಯವಾಗಿ 192.168.1.1 ಅಥವಾ 192.168.0.1), ಒಂದು ಅದೇ ಸ್ವಿಚ್‌ಗೆ (ಕಂಪ್ಯೂಟರುಗಳ ಕೇಬಲ್‌ಗಳೆಲ್ಲ ಬಂದು ಸೇರುವ ಡಬ್ಬಿ) ಕೂಡಿರುವ ಪಕ್ಕದ ಕಂಪ್ಯೂಟರಿಗೆ, ಇನ್ನೊಂದು ಹೊರಗಿನ ಇಂಟರ್ನೆಟ್ಟಿನಲ್ಲಿರುವ ಗೂಗಲ್ ಸರ್ವರ್ 8.8.8.8ಕ್ಕೆ. ಪಿಂಗ್ ತಾನಾಗಿ ಟೈಮ್ ಬರೆಯುವುದಿಲ್ಲ. ಪವರ್‌ಶೆಲ್‌ನಲ್ಲಿ (ವಿಂಡೋಸ್‌ನ ಇನ್ನೊಂದು ಕಮಾಂಡ್ ಕಿಟಕಿ) ಪ್ರತಿ ಸಾಲಿನ ಮುಂದೆ ಟೈಮ್ ಕೊಡುವ ಗೆಟ್-ಡೇಟ್ ಸೇರಿಸಿ ಫೈಲಿಗೆ ಬರೆಸಿದರೆ ಮಾರನೇ ದಿನ ಓದಬಹುದು. ಪಕ್ಕದ ಕಂಪ್ಯೂಟರಿನಲ್ಲೂ ರೂಟರಿಗೆ ಮತ್ತು 8.8.8.8ಕ್ಕೆ ಹೀಗೇ ಪಿಂಗ್ ಬಿಟ್ಟಿರಬೇಕು. ಎರಡೂ ಯಂತ್ರಗಳಲ್ಲಿ 8.8.8.8 ಮಾತ್ರ ಬಿದ್ದಿದ್ದರೆ ಅದು ಹೊರಗಿನ ಇಂಟರ್ನೆಟ್ ಲೈನಿನ ತೊಂದರೆ. ಉಳಿದವರು ಗಮನಿಸಿಲ್ಲ, ಅಷ್ಟೇ. ಇದೊಂದರಲ್ಲೇ ರೂಟರ್ ಕೂಡ ಬಿದ್ದಿದ್ದರೆ ಹುಡುಕಾಟ ಆ ಮೇಜಿನಿಂದ ಸ್ವಿಚ್‌ವರೆಗಿನ ಕೆಲವು ಮೀಟರಿಗೆ ಇಳಿಯುತ್ತದೆ. ಮೂರೂ ಪಿಂಗ್ ಓಡುತ್ತಿದ್ದು ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ (ವೆಬ್‌ಸೈಟಿನ ಹೆಸರಿಗೆ ಐಪಿ ಹುಡುಕಿಕೊಡುವ ಸೇವೆ) ನೋಡಿ, ಕೇಬಲ್ಲಿನ ಕಡೆ ಹೋಗುವುದೇ ಬೇಡ.

ಪಿಂಗ್ ನಿಂತಾಗ ಬರುವ ಸಾಲನ್ನೂ ಓದಬೇಕು. ‘ಜನರಲ್ ಫೇಲ್ಯೂರ್’ ಬಂದರೆ ಹೆಚ್ಚಾಗಿ ಲಿಂಕೇ ಬಿದ್ದಿದೆ ಅಥವಾ ನೆಟ್‌ವರ್ಕ್ ಕಾರ್ಡ್ ಮಲಗಿದೆ. ಕಂಪ್ಯೂಟರಿನ ಸ್ವಂತ ಐಪಿಯಿಂದಲೇ ‘ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’ ಎಂದು ಬಂದರೆ ಲಿಂಕ್ ಇದೆ, ಆದರೆ ರೂಟರಿನ ಮ್ಯಾಕ್ ವಿಳಾಸ (ತಯಾರಕರು ಯಂತ್ರಕ್ಕೆ ಕೊಟ್ಟ ಗುರುತು) ಕೇಳಿದ್ದಕ್ಕೆ ಯಾರೂ ಓಗೊಡಲಿಲ್ಲ. ಬರೀ ‘ರಿಕ್ವೆಸ್ಟ್ ಟೈಮ್ಡ್ ಔಟ್’ ನಡುನಡುವೆ ಒಂದೆರಡು ಬರುತ್ತಿದ್ದರೆ ಪ್ಯಾಕೆಟ್ ದಾರಿಯಲ್ಲಿ ಹಾಳಾಗುತ್ತಿದೆ, ಕೇಬಲ್ ಮೇಲೆ ಅನುಮಾನ ಪಡಬಹುದು. ಐಪಿಕಾನ್ಫಿಗ್ ಕಮಾಂಡಿನಲ್ಲಿ ವಿಳಾಸ 169.254ರಿಂದ ಶುರುವಾಗಿದ್ದರೆ ಡಿಎಚ್‌ಸಿಪಿಯಿಂದ (ರೂಟರ್ ತಾನಾಗಿ ಐಪಿ ಹಂಚುವ ವ್ಯವಸ್ಥೆ) ವಿಳಾಸ ಸಿಕ್ಕಿಲ್ಲ.

ಇದರ ಜೊತೆಗೆ ವಿಂಡೋಸ್ ನಡೆದದ್ದನ್ನೆಲ್ಲ ಬರೆದಿಡುವ ಇವೆಂಟ್ ವ್ಯೂವರಿನ ಸಿಸ್ಟಮ್ ಲಾಗ್ ಇಟ್ಟು ನೋಡಿ. ಇಂಟೆಲ್ ಕಾರ್ಡಾದರೆ ಲಿಂಕ್ ಬಿದ್ದಾಗ 27, ಮತ್ತೆ ಕೂಡಿದಾಗ ಇನ್ನೊಂದು ಸಂಖ್ಯೆಯ (1 ಜಿಬಿಪಿಎಸ್ ಆದರೆ 32) ದಾಖಲೆ, ಎಷ್ಟು ವೇಗದಲ್ಲಿ ಕೂಡಿತು ಎಂಬುದರ ಸಮೇತ. ಆ ವೇಗವೇ ದೊಡ್ಡ ಸುಳಿವು. ಗಿಗಾಬಿಟ್ ವೇಗಕ್ಕೆ (1 ಜಿಬಿಪಿಎಸ್) ಕೇಬಲ್ಲಿನ ನಾಲ್ಕೂ ಜೋಡಿ ತಂತಿ ಬೇಕು, 100 ಎಂಬಿಪಿಎಸ್‌ಗೆ 1, 2, 3, 6ನೇ ಪಿನ್‌ಗಳ ಎರಡೇ ಜೋಡಿ ಸಾಕು. 1 ಜಿಬಿಪಿಎಸ್ ಇದ್ದದ್ದು 100ಕ್ಕೆ ಇಳಿದು ಕೂಡುತ್ತಿದ್ದರೆ ಬ್ಲೂ ಅಥವಾ ಬ್ರೌನ್ ಜೋಡಿಯ ಒಂದು ತಂತಿ ಅರ್ಧಂಬರ್ಧ ತಾಗುತ್ತಿರುವ ಸಂಭವ ಹೆಚ್ಚು.

ಕೇಬಲ್ ವಿಷಯದಲ್ಲಿ ಅವಸರ ಬೇಡ, ಹೆಚ್ಚಿನ ಪ್ರಕರಣ ಇಲ್ಲೇ ಮುಗಿಯುತ್ತವೆ. ಕುರ್ಚಿಯ ಚಕ್ರ ಹತ್ತಿದ ಜಾಗ, ಬೀರುವಿನ ಹಿಂದೆ ಚಪ್ಪಟೆಯಾದ ಜಾಗ, ಫಾಲ್ಸ್ ಸೀಲಿಂಗ್‌ನಲ್ಲಿ ಇಲಿ ಕಡಿದ ಜಾಗ, ಇವು ಕಣ್ಣಿಗೆ ಬೀಳುತ್ತವೆ. ಬೇಗ ಕಣ್ಣಿಗೆ ಬೀಳದ್ದು ಕ್ರಿಂಪಿಂಗ್, ಅಂದರೆ ತಂತಿಗಳನ್ನು ಪ್ಲಗ್ಗಿಗೆ ಒತ್ತಿ ಕೂಡಿಸಿದ ರೀತಿ. ಸರಿಯಾದ ಕ್ರಮ ವೈಟ್-ಆರೆಂಜ್, ಆರೆಂಜ್, ವೈಟ್-ಗ್ರೀನ್, ಬ್ಲೂ, ವೈಟ್-ಬ್ಲೂ, ಗ್ರೀನ್, ವೈಟ್-ಬ್ರೌನ್, ಬ್ರೌನ್. ಕೆಲವರು ನೆನಪಿಡಲು ಸುಲಭವೆಂದು ಬಣ್ಣಕ್ಕೆ ಬಣ್ಣ (ಜೋಡಿಯ ಎರಡೂ ತಂತಿ ಅಕ್ಕಪಕ್ಕ) ಜೋಡಿಸಿ ಎರಡೂ ತುದಿಯಲ್ಲಿ ಒಂದೇ ಥರ ಒತ್ತಿಬಿಡುತ್ತಾರೆ. ಎಂಟು ದೀಪದ ಅಗ್ಗದ ಟೆಸ್ಟರ್ 1ರಿಂದ 8ರವರೆಗೆ ಸಾಲಾಗಿ ಹಸಿರು ತೋರಿಸಿ ಪಾಸ್ ಮಾಡುತ್ತದೆ. ಆದರೆ 3 ಮತ್ತು 6ನೇ ಪಿನ್‌ಗೆ ಹೋಗಬೇಕಾದ ಹೆಣೆದ ಜೋಡಿ ಈಗ ಎರಡು ಬೇರೆ ಬೇರೆ ಜೋಡಿಯ ಒಂದೊಂದು ತಂತಿಯಾಗಿದೆ; ಹೆಣಿಗೆಯಿಂದ ಆಗಬೇಕಾದ ವಿದ್ಯುತ್ ಅಡಚಣೆಯ (ನಾಯ್ಸ್) ನಿವಾರಣೆ ಆಗುವುದಿಲ್ಲ. ಎರಡು ಮೀಟರಿನಲ್ಲಿ ನಡೆದುಹೋಗುತ್ತದೆ, ಮೂವತ್ತು ಮೀಟರಿನಲ್ಲಿ ದೊಡ್ಡ ಫೈಲ್ ಕಳಿಸುವಾಗ ಬೀಳುತ್ತದೆ. ಟೆಸ್ಟರ್ ಸರಿ ಎಂದಿತು ಎಂಬ ಕಾರಣಕ್ಕೆ ಕೇಬಲ್ಲನ್ನು ಪಟ್ಟಿಯಿಂದ ತೆಗೆಯಬೇಡಿ. ಪ್ಲಗ್ಗಿನ ಬಣ್ಣಗಳನ್ನು ಕಣ್ಣಿಂದ ನೋಡಿ. ಹೆಣಿಗೆ ಬಿಚ್ಚಿದ ಉದ್ದ 13 ಮಿ.ಮೀ. ದಾಟಿರಬಾರದು, ಹೊರಗಿನ ಜಾಕೆಟ್ ಪ್ಲಗ್ಗಿನೊಳಗೆ ಹೋಗಿ ಹಿಡಿದಿರಬೇಕು.

ಕೇಬಲ್ ಬಾಕ್ಸಿನ ಮೇಲೆ ಸಿಸಿಎ ಎಂದಿದ್ದರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಬಗ್ಗಿಸಿ ಬಗ್ಗಿಸಿ ಮುರಿಯುತ್ತದೆ, ರೋಧವೂ ಹೆಚ್ಚು. ಮಳೆಗಾಲದ ತೇವದಲ್ಲಿ ಕ್ರಿಂಪ್ ಮಾಡಿದ ತುದಿ ತುಕ್ಕು ಹಿಡಿಯುವುದೂ ಉಂಟು. ಅಂಥದ್ದರ ತುದಿಯನ್ನು ಎರಡನೇ ಸಲ ಕ್ರಿಂಪ್ ಮಾಡುವ ಬದಲು ಎಳೆದು ಬಿಸಾಡಿ, ಪೂರ್ತಿ ತಾಮ್ರದ ಕ್ಯಾಟ್-5ಇ ಅಥವಾ ಕ್ಯಾಟ್-6 ದರ್ಜೆಯ ಕೇಬಲ್ ಹಾಕುವುದೇ ಮೇಲು.

ಪರೀಕ್ಷೆ ಮಾಡುವ ರೀತಿ ಹೀಗೆ: ಮೊದಲು ಗೋಡೆಯ ಪೆಟ್ಟಿಗೆ ಬಿಟ್ಟು, ಕಂಪನಿಯಲ್ಲೇ ತುದಿ ಹಾಕಿ ಬಂದ ಉದ್ದನೆಯ ಪ್ಯಾಚ್ ಕಾರ್ಡನ್ನು (ಸಿದ್ಧ ಕೇಬಲ್) ನೆಲದ ಮೇಲೇ ಎಳೆದು ನೇರ ಸ್ವಿಚ್‌ಗೆ ಹಾಕಿ. ಒಂದು ದಿನ ಬಿಡಿ. ಬೀಳಲಿಲ್ಲವೆಂದರೆ ಹಳೆಯ ದಾರಿಯಲ್ಲಿದೆ ತೊಂದರೆ. ಆಗಲೂ ಬಿದ್ದರೆ ಸ್ವಿಚ್ ಪೋರ್ಟನ್ನು ಪಕ್ಕದವರದ್ದರ ಜೊತೆ ಅದಲುಬದಲು ಮಾಡಿ. ತೊಂದರೆ ಪಕ್ಕದವರಿಗೆ ಹೋಯಿತೋ ಇಲ್ಲೇ ಉಳಿಯಿತೋ ನೋಡಿ. ಕೇಬಲ್, ಪೋರ್ಟ್, ಡ್ರೈವರ್ ಮೂರನ್ನೂ ಒಂದೇ ಮಧ್ಯಾಹ್ನ ಬದಲಿಸಿದವರು ಬಿಲ್ ಮಾಡಬಹುದು, ಕಾರಣ ಹೇಳಲಾರರು.

ಮೇಜಿನ ಕೆಳಗೆ ಐದು ಪೋರ್ಟಿನ ಪುಟ್ಟ ಸ್ವಿಚ್ ಇದೆಯೇ ಎಂದು ಬಗ್ಗಿ ನೋಡಿ. ಕಂಪ್ಯೂಟರ್ ಯುಪಿಎಸ್ ಮೇಲೆ, ಸ್ವಿಚ್‌ನ ಅಡಾಪ್ಟರ್ ಮಾತ್ರ ನೇರ ಕರೆಂಟಿನ ಪಾಯಿಂಟಿನಲ್ಲಿ. ವೋಲ್ಟೇಜ್ ಒಂದು ಕ್ಷಣ ಕುಸಿದಾಗ ಕಂಪ್ಯೂಟರ್ ಅಲುಗಾಡುವುದಿಲ್ಲ, ಸ್ವಿಚ್ ಆರಿ ಮತ್ತೆ ಹತ್ತುತ್ತದೆ. ಮೇಜಿನವರಿಗೆ ಕಾಣುವುದು ‘ಕರೆಂಟ್ ಇದೆ, ನೆಟ್ ಇಲ್ಲ’. ಕಾಫಿ ಕ್ಯೂರಿಂಗ್ ವರ್ಕ್ಸ್‌ನಂಥ ಕಡೆ ದೊಡ್ಡ ಮೋಟಾರ್ ಶುರುವಾಗುವ ಹೊತ್ತಿಗೂ ಪಿಂಗ್ ಬೀಳುವ ಹೊತ್ತಿಗೂ ಹೊಂದಾಣಿಕೆ ಇದೆಯೇ ನೋಡಬೇಕು. ಇದ್ದರೆ ಅಡಾಪ್ಟರನ್ನು ಯುಪಿಎಸ್‌ಗೆ ಬದಲಿಸಿ. ಮೋಟಾರ್ ವೈರಿನ ಜೊತೆ ಒಂದೇ ಪೈಪಿನಲ್ಲಿ ನೆಟ್‌ವರ್ಕ್ ಕೇಬಲ್ ಎಳೆದಿದ್ದರೆ ಬೇರೆ ಪೈಪಿಗೆ ತನ್ನಿ.

ತಂತಿಯ ಕಡೆ ಎಲ್ಲ ಸರಿಯಿದ್ದು, ಯಾರೂ ಮುಟ್ಟದೆ ಇದ್ದ ಹೊತ್ತಿನಲ್ಲೇ ಲಿಂಕ್ ಬೀಳುತ್ತಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ನೆಟ್‌ವರ್ಕ್ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್ ತೆರೆದು, ವಿದ್ಯುತ್ ಉಳಿಸಲು ಕಾರ್ಡ್ ಆಫ್ ಮಾಡಬಹುದು ಎಂಬ ಟಿಕ್ ತೆಗೆಯಿರಿ. ಅಡ್ವಾನ್ಸ್ಡ್ ಪುಟದಲ್ಲಿ ಎನರ್ಜಿ ಎಫಿಶಿಯಂಟ್ ಈಥರ್ನೆಟ್, ಗ್ರೀನ್ ಈಥರ್ನೆಟ್ ಎಂಬವನ್ನೂ ಡಿಸೇಬಲ್ ಮಾಡಿ. ಡ್ರೈವರ್ ಅಪ್‌ಡೇಟ್ ಆದರೆ ಇವು ಮತ್ತೆ ಹಳೆಯ ಸ್ಥಿತಿಗೆ ಬಂದಿರಬಹುದು. ಸ್ಪೀಡ್ ಮತ್ತು ಡ್ಯೂಪ್ಲೆಕ್ಸ್ (ಕಳಿಸುವುದೂ ಪಡೆಯುವುದೂ ಒಟ್ಟಿಗೆ ನಡೆದರೆ ಫುಲ್, ಸರದಿಯಲ್ಲಾದರೆ ಹಾಫ್) ಎರಡೂ ತುದಿಯಲ್ಲಿ ಆಟೋ ಇರಲಿ. ಒಂದು ಕಡೆ ಮಾತ್ರ 100 ಫುಲ್ ಎಂದು ಬಿಗಿದರೆ ಇನ್ನೊಂದು ತುದಿ ಹಾಫ್‌ಗೆ ಇಳಿಯುತ್ತದೆ. ಪಿಂಗ್ ಓಡುತ್ತದೆ, ಫೈಲ್ ಕಾಪಿ ತೆವಳುತ್ತದೆ. ವಿನ್‌ಸಾಕ್ ರೀಸೆಟ್ (ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗನ್ನು ಮೊದಲಿನಂತೆ ಮಾಡುವ ಕಮಾಂಡ್) ಎಲ್ಲರ ಮೊದಲ ಮದ್ದು, ಒಂದೇ ಯಂತ್ರದಲ್ಲಿ ಲಿಂಕ್ ಬೀಳುವ ತೊಂದರೆಗೆ ಅದರಿಂದ ಪ್ರಯೋಜನವಿಲ್ಲ.

ಲಿಂಕ್ ಬಿದ್ದೇ ಇಲ್ಲ, ಲಾಗ್‌ನಲ್ಲಿ ಟಿಸಿಪಿಐಪಿ ಹೆಸರಿನಲ್ಲಿ 4199 ಬಂದಿದೆ ಎಂದರೆ ಐಪಿ ಡಿಕ್ಕಿ. ಬೆರಳಚ್ಚಿನ ಹಾಜರಿ ಯಂತ್ರ, ಸಿಸಿಟಿವಿ ಡಿವಿಆರ್, ಪ್ರಿಂಟರ್ ಇವಕ್ಕೆ ಹಾಕಿದವರು ಕೈಗೆ ಬಂದ ಸಂಖ್ಯೆ ಕೊಟ್ಟು ಹೋಗಿರುತ್ತಾರೆ, ಅದೇ ಸಂಖ್ಯೆಯನ್ನು ರೂಟರ್ ಈ ಕಂಪ್ಯೂಟರಿಗೂ ಹಂಚುತ್ತದೆ. ಹಿಡಿಯುವುದು ಸುಲಭ: ಈ ಕಂಪ್ಯೂಟರಿನ ಕೇಬಲ್ ಕಿತ್ತು, ಪಕ್ಕದ್ದರಿಂದ ಇದರ ಐಪಿಗೆ ಪಿಂಗ್ ಮಾಡಿ. ಉತ್ತರ ಬಂದರೆ ಅಲ್ಲಿ ಬೇರೆಯವರಿದ್ದಾರೆ. ಎಆರ್‌ಪಿ ಪಟ್ಟಿಯಲ್ಲಿ ಅದರ ಮ್ಯಾಕ್ ವಿಳಾಸದ ಮೊದಲ ಆರು ಅಕ್ಷರಗಳಿಂದ ತಯಾರಕರು ಯಾರೆಂದು ತಿಳಿಯಬಹುದು. ಡಿಎಚ್‌ಸಿಪಿಗೆ ಕೊನೆಯ ಸಂಖ್ಯೆ 100ರಿಂದ 200ರವರೆಗಿನ ವಿಳಾಸ ಕೊಟ್ಟು, ಕೈಯಿಂದ ಕೊಡುವ ವಿಳಾಸಗಳನ್ನು ಅದರ ಹೊರಗೆ ಇಡಿ. ಐಪಿಕಾನ್ಫಿಗ್ /all ಕೊಟ್ಟಾಗ ಡಿಎಚ್‌ಸಿಪಿ ಸರ್ವರ್ ಸಾಲಿನಲ್ಲಿ ಅಪರಿಚಿತ ವಿಳಾಸ ಕಂಡರೆ, ಯಾರೋ ಮನೆಯ ವೈಫೈ ಡಬ್ಬಿಯನ್ನು ಲ್ಯಾನ್ ಪೋರ್ಟಿನ ಮೂಲಕ ಸಿಕ್ಕಿಸಿದ್ದಾರೆ.

ಶೇರ್ ಮಾಡಿದ ಡ್ರೈವ್ ಮೇಲೆ ಕೆಂಪು ಗುರುತು ಬಂದದ್ದನ್ನೂ ‘ನೆಟ್ ಹೋಯ್ತು’ ಎಂದೇ ಹೇಳುತ್ತಾರೆ. ವಿಂಡೋಸ್ 15 ನಿಮಿಷ ಬಳಸದ ಶೇರ್ ಸಂಪರ್ಕವನ್ನು ತಾನೇ ಬಿಡುತ್ತದೆ, ಕ್ಲಿಕ್ ಮಾಡಿದರೆ ಕೂಡುತ್ತದೆ. ದೋಷವಲ್ಲ.

ಕೊನೆಯದು ಹೊರಾಂಗಣದ ಕೇಬಲ್. ಆಫೀಸಿನಿಂದ ಅಂಗಳ ದಾಟಿ ಗೋಡೌನಿನ ಒಂದೇ ಕಂಪ್ಯೂಟರಿಗೆ ಎಳೆದ ತಾಮ್ರದ ಕೇಬಲ್ ಏಪ್ರಿಲ್-ಮೇ ಗುಡುಗಿನಲ್ಲಿ ಪೋರ್ಟನ್ನು ಪೂರ್ತಿ ಸುಡದೆ ಅರೆಜೀವ ಮಾಡಿ ಬಿಡಬಹುದು. ಆ ಪೋರ್ಟ್ ಆಮೇಲೆ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಕೆಲಸ ಮಾಡುತ್ತದೆ. ಎರಡು ಕಟ್ಟಡದ ಅರ್ಥಿಂಗ್ ಬೇರೆಯಿದ್ದರೆ ಅಪಾಯ ಇನ್ನೂ ಹೆಚ್ಚು. ಪ್ಯಾಚ್ ಕಾರ್ಡ್ ಸೇರಿ ಒಟ್ಟು ಉದ್ದ 100 ಮೀಟರ್ ದಾಟಿದೆಯೇ ಎಂದು ಹೆಜ್ಜೆ ಹಾಕಿಯಾದರೂ ಅಳೆಯಿರಿ. ಇಂಥಲ್ಲಿ ಹೊಸ ತಾಮ್ರ ಎಳೆಯಬೇಡಿ: ಲೋಹದ ಕವಚವಿಲ್ಲದ ಫೈಬರ್, ಎರಡೂ ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ಕೇಬಲ್ಲಿಗೆ ಕೂಡಿಸುವ ಡಬ್ಬಿ), ಎರಡರ ಅಡಾಪ್ಟರೂ ಯುಪಿಎಸ್ ಮೇಲೆ. ಜೊತೆಗೆ ಗೋಡೌನಿನ ಕಂಪ್ಯೂಟರಿಗೆ ಹೊಸ ನೆಟ್‌ವರ್ಕ್ ಕಾರ್ಡ್ ಹಾಕಿ, ಆಫೀಸಿನ ಸ್ವಿಚ್‌ನಲ್ಲಿ ಹಳೆಯ ಪೋರ್ಟಿಗೆ ಟೇಪ್ ಅಂಟಿಸಿ, ಮತ್ತೊಬ್ಬರು ಬಂದು ಸಿಕ್ಕಿಸದ ಹಾಗೆ.