ಸಿಗ್ನಲ್ ಫುಲ್ ಇತ್ತು, ಚಿತ್ರ ಇರಲಿಲ್ಲ

ಹೋದ ವರ್ಷದ ತೇರಿನ ದಿನದ ಹನ್ನೊಂದು ನಿಮಿಷ ಇನ್ನೂ ನನ್ನ ತಲೆಯಿಂದ ಹೋಗಿಲ್ಲ. ಮೊನ್ನೆ ಅದೇ ಊರಲ್ಲಿ ಮತ್ತೆ ಕಂಬ ಹತ್ತಿದಾಗ ಎಲ್ಲ ನೆನಪಾಯಿತು. ಬರೆದುಬಿಡುತ್ತೇನೆ.

ದಾವಣಗೆರೆಯಲ್ಲಿ ಸಿಸಿಟಿವಿ ಕೆಲಸ ನನ್ನದು. ಹತ್ತಿರದ ಊರಿನ ಜಾತ್ರೆಗೆ ಮೂರು ದಿನದ ಮಟ್ಟಿಗೆ ಎಂಟು ಕ್ಯಾಮೆರಾ ಬೇಕಿತ್ತು. ತೇರು ಬೀದಿಯಲ್ಲಿ ಅಡ್ಡ ಕೇಬಲ್ ಎಳೆಯುವ ಹಾಗಿಲ್ಲ, ಕಳಸಕ್ಕೆ ಸಿಕ್ಕುತ್ತೆ. ಹಾಗಾಗಿ ನಾಲ್ಕು ಕಂಬ, ಕಂಬಕ್ಕೆ ಎರಡು ಕ್ಯಾಮೆರಾ, ಚಿತ್ರವನ್ನು ವೈರ್ ಇಲ್ಲದೆ ಕಳಿಸುವ ಒಂದು ರೇಡಿಯೊ ಡಬ್ಬಿ (ಸಿಪಿಇ). ಛತ್ರದ ತಾರಸಿ ಮೇಲೆ ನಾಲ್ಕೂ ಕಂಬದ್ದನ್ನು ಹಿಡಿಯುವ ಬೇಸ್, ಅದಕ್ಕೆ ಅಗಲಕ್ಕೆ ಕೇಳುವ ಸೆಕ್ಟರ್ ಆಂಟೆನಾ, ಕೆಳಗಿನ ರೂಮಿನಲ್ಲಿ ರೆಕಾರ್ಡ್ ಮಾಡುವ ಎನ್‌ವಿಆರ್. ಬೀದಿ ತುಂಬಾ ಬೇವಿನ ಮರ. ಎಲೆ ದಾಟಿ ಬರುತ್ತೆ ಅಂತ 2.4 ಗಿಗಾಹರ್ಟ್ಸ್ ರೇಡಿಯೊ ಸೆಟ್ ಆರಿಸಿದ್ದು ನಾನೇ. ಕ್ಯಾಮೆರಾಗೊಂದು ಮೆಮೊರಿ ಕಾರ್ಡ್ ಹಾಕೋಣ ಅಂದಿದ್ದಕ್ಕೆ ಓನರ್, "ಮೂರು ದಿನದ ಕೆಲಸಕ್ಕೆ ಅದೆಲ್ಲ ಯಾಕೆ, ಎನ್‌ವಿಆರ್ ಇದೆಯಲ್ಲ" ಅಂದರು. ನಾನೂ ಸುಮ್ಮನಾದೆ.

ಎರಡು ದಿನ ಮೊದಲೇ ರಾತ್ರಿ 11ಕ್ಕೆ ಟೆಸ್ಟ್ ಮಾಡಿದೆವು. ಪಿಂಗ್, ಅಂದರೆ ಡೇಟಾ ಹೋಗಿ ಬರುವ ಹೊತ್ತು, 3 ಮಿಲಿಸೆಕೆಂಡ್. ಸಿಗ್ನಲ್ ಮೈನಸ್ 62 (ಸೊನ್ನೆಗೆ ಹತ್ತಿರವಾದಷ್ಟೂ ಜೋರು). ಬೀದಿಯಲ್ಲಿ ಎರಡು ನಾಯಿ ಬಿಟ್ಟರೆ ಯಾರೂ ಇರಲಿಲ್ಲ.

ತೇರು ಎಳೆಯುವುದು ಸಂಜೆ 5ಕ್ಕೆ. 4:20ರ ಸುಮಾರಿಗೆ ಮೂರನೇ ಕಂಬದ ಚಿತ್ರ ಚೌಕ ಚೌಕವಾಗಿ ಒಡೆಯತೊಡಗಿತು. ತೇರು ತಿರುಗುವ ಮೂಲೆ ಅದು, ಜನ ಜಾಸ್ತಿ ಸೇರುವ ಜಾಗ. ಪಿಂಗ್ ನೋಡಿದರೆ 400 ದಾಟಿದೆ, ನಡುನಡುವೆ ಟೈಮ್‌ಔಟ್. ಸಿಗ್ನಲ್ ಮಾತ್ರ ಹಾಗೇ ಇತ್ತು, ನಾಲ್ಕೂ ಹಸಿರು ಕಡ್ಡಿ. ಅಡಾಪ್ಟರ್ ಹೋಗಿರಬೇಕು ಅಂತ ನನ್ನ ಜೊತೆ ಕೆಲಸಕ್ಕಿದ್ದ ಹುಡುಗನನ್ನು ಕಂಬಕ್ಕೆ ಓಡಿಸಿದೆ. ಅವನು ಆ ಜನರ ಮಧ್ಯೆ ನುಗ್ಗಿ ಅಡಾಪ್ಟರ್ ಬದಲಿಸಿದ. ಏನೂ ಆಗಲಿಲ್ಲ. ಆಮೇಲೆ ಬೇಸ್‌ನ ಪವರ್ ಪೂರ್ತಿ ಏರಿಸಿದೆ. ಅದರಿಂದಲೂ ಏನೂ ಆಗಲಿಲ್ಲ.

5 ಗಂಟೆಗೆ ತೇರು ಕದಲಿತು. ಈಗ ನಾಲ್ಕೂ ಕಂಬದ ಚಿತ್ರ ನಿಂತು ನಿಂತು ಬರುತ್ತಿತ್ತು. ಹಿಂದೆ ಕೂತಿದ್ದ ಪಿಎಸ್‌ಐ ಸಾಹೇಬರು ಜೋರು ಮಾಡಲಿಲ್ಲ, "ಆ ಮೂಲೆ ಎಲ್ಲಿಪ್ಪಾ?" ಅಂತ ಮಾತ್ರ ಕೇಳಿದರು. 5:06ಕ್ಕೆ ನಾನು ಚಾನೆಲ್ 1ರಿಂದ 11ಕ್ಕೆ ಬದಲಿಸಿದೆ. ಅದೇ ನನ್ನ ದೊಡ್ಡ ತಪ್ಪು. ಬೇಸ್‌ನ ಚಾನೆಲ್ ಬದಲಾದರೆ ಎಲ್ಲ ಲಿಂಕೂ ಕಡಿದು ಮತ್ತೆ ಹುಡುಕಿಕೊಂಡು ಬರಬೇಕು. ಅರೆಬರೆ ಕಾಣುತ್ತಿದ್ದ ಎಂಟೂ ಕಿಟಕಿ ಒಟ್ಟಿಗೆ ಕಪ್ಪಾದವು. ಮೂರು ಕಂಬ ಒಂದೊಂದಾಗಿ ಬಂದವು, ಮೂರನೆಯದು ಬರಲಿಲ್ಲ. ಗಾಬರಿಯಲ್ಲಿ ಚಾನೆಲ್ 6ಕ್ಕೆ ಹಾಕಿದೆ, ಮತ್ತೆ ಎಲ್ಲ ಕಪ್ಪು. ಹೊರಗೆ ತೇರು ಉರುಳುವ ಸದ್ದು, ಜೈಕಾರ ಎಲ್ಲ ಕೇಳುತ್ತಿದೆ. ನನ್ನ ಮುಂದಿನ ಪರದೆಯಲ್ಲಿ ಏನೂ ಇಲ್ಲ.

ಆಗ ಹುಡುಗ ಮೆಲ್ಲಗೆ ಕೇಳಿದ, "ಅಣ್ಣಾ, ನಾಯ್ಸ್ ಎಷ್ಟಿದೆ ನೋಡಿದ್ರಾ?" ನೋಡಿರಲಿಲ್ಲ. ನಾಯ್ಸ್ ಅಂದರೆ ಸುತ್ತಲಿನ ಬೇರೆ ರೇಡಿಯೊಗಳ ಗದ್ದಲ. ಟೆಸ್ಟ್ ಮಾಡಿದ ರಾತ್ರಿ ಮೈನಸ್ 95 ಇದ್ದದ್ದು ಈಗ ಮೈನಸ್ 78. ಅಂದರೆ ಸಿಗ್ನಲ್‌ಗೂ ನಾಯ್ಸ್‌ಗೂ 33 ಡಿಬಿ ಇದ್ದ ಅಂತರ 16ಕ್ಕೆ ಇಳಿದಿತ್ತು. ಬೀದಿ ತುಂಬಾ ಅದೇ 2.4ರಲ್ಲಿ ಮಾತಾಡುವ ಮೊಬೈಲು, ಹಾಟ್‌ಸ್ಪಾಟು, ಮೇಲೆ ಡ್ರೋನ್ ಬೇರೆ. ನಾನು ಎಲ್ಲಕ್ಕಿಂತ ಎತ್ತರದ ತಾರಸಿ ಹುಡುಕಿ ಅಗಲ ಬಾಯಿಯ ಆಂಟೆನಾ ಇಟ್ಟಿದ್ದೆ. ಕ್ಯಾಮೆರಾಗಳ ಜೊತೆ ಇಡೀ ಜಾತ್ರೆಯ ಗಲಾಟೆಯೂ ಅದರ ಕಿವಿಗೆ ಬೀಳುತ್ತಿತ್ತು. ಚಿತ್ರ ಬರುವುದು ಕಂಬದಿಂದ ತಾರಸಿಗೆ. ಕೇಳಿಸಿಕೊಳ್ಳಬೇಕಾದದ್ದು ತಾರಸಿ. ಅಲ್ಲಿ ನಿಂತು ನಾವೇ ಜೋರಾಗಿ ಕೂಗಿದರೆ ಏನು ಬಂತು?

ಚಾನೆಲ್ ಮುಟ್ಟುವುದು ಬಿಟ್ಟು ಬಿಟ್‌ರೇಟ್, ಅಂದರೆ ಕ್ಯಾಮೆರಾ ಸೆಕೆಂಡಿಗೆ ಕಳಿಸುವ ಡೇಟಾ, ಇಳಿಸಿದೆ. ಒಂದೊಂದು ಕ್ಯಾಮೆರಾ 4 ಎಂಬಿಪಿಎಸ್, ಎಂಟಕ್ಕೆ 32. ಆ ಗಲಾಟೆಯಲ್ಲಿ ಅಷ್ಟು ಭಾರ ಎಲ್ಲಿ ಹೋಗಬೇಕು? ಎಲ್ಲವನ್ನೂ 1 ಎಂಬಿಪಿಎಸ್, ಸೆಕೆಂಡಿಗೆ 12 ಫ್ರೇಮ್‌ಗೆ ಇಳಿಸಿದೆ. 5:17ಕ್ಕೆ ಮೂಲೆ ಮತ್ತೆ ಕಂಡಿತು. ತೇರು ಆಗಲೇ ತಿರುಗಿ ಮುಂದೆ ಹೋಗಿತ್ತು.

ಆರು ಗಂಟೆಗೆ ಒಬ್ಬ ಅಜ್ಜಿಯನ್ನು ಕಾನ್‌ಸ್ಟೇಬಲ್ ಒಳಗೆ ಕರೆತಂದರು. ಮೂಲೆಯಲ್ಲಿ ಯಾರೋ ಸರ ಕಿತ್ತುಕೊಂಡು ಹೋಗಿದ್ದರು. ಕುತ್ತಿಗೆ ಮೇಲೆ ಕೆಂಪು ಗೆರೆ, ಅದನ್ನು ಸೆರಗಿನಿಂದ ಒತ್ತಿ ಹಿಡಿದಿದ್ದರು. ಪರದೆ ನೋಡಿ, "ಇದ್ರಾಗೆ ಕಾಣ್ತತೇನಪ್ಪಾ?" ಅಂದರು. ರಿವೈಂಡ್ ಮಾಡಿದೆ. 5:06 ಆದ ಮೇಲೆ ನೇರ 5:17. ಆ ಕ್ಯಾಮೆರಾದಲ್ಲೇ ಕಾರ್ಡ್ ಇದ್ದಿದ್ದರೆ ಲಿಂಕ್ ಹೋದರೂ ರೆಕಾರ್ಡ್ ಅಲ್ಲೇ ಉಳಿಯುತ್ತಿತ್ತು. ಅದು ಗೊತ್ತಿದ್ದೂ ನಾನು ಓನರ್ ಹತ್ತಿರ ಗಟ್ಟಿಯಾಗಿ ಕೂರಲಿಲ್ಲ.

ಈ ಸಲ 5.8 ಗಿಗಾಹರ್ಟ್ಸ್. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ. 5ರಲ್ಲಿ 2018ರಿಂದ ನಮ್ಮಲ್ಲಿ 605 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ಲದೆ ಸಿಗುತ್ತೆ, ಉಸಿರಾಡಲು ಜಾಗ ಇದೆ. ಕಂಬಕ್ಕೊಂದು ಸಣ್ಣ ಡಿಶ್, ತಾರಸಿಯಲ್ಲಿ ಅದಕ್ಕೆ ಎದುರಾಗಿ ಇನ್ನೊಂದು. ಒಂದೊಂದು ಲಿಂಕಿಗೂ ಬೇರೆ ಚಾನೆಲ್, 20 ಮೆಗಾಹರ್ಟ್ಸ್ ಅಗಲ, ಚಾನೆಲ್ ತಾನಾಗಿ ಬದಲಾಗದ ಹಾಗೆ ಆಟೋ ಆಫ್. 5.8 ಎಲೆಯನ್ನು ಅಷ್ಟು ಚೆನ್ನಾಗಿ ದಾಟಲ್ಲ, ಅದಕ್ಕೇ ಬೇವಿನ ಕೊಂಬೆ ಅಡ್ಡ ಬರದ ಹಾಗೆ ಎರಡು ಕಂಬ ಸರಿಸಿದೆವು. ಟೆಸ್ಟ್ ಸಂತೆ ದಿನ ಸಂಜೆ, ಜನ ತುಂಬಿದ ಹೊತ್ತಲ್ಲೇ ಮಾಡಿದೆವು.

ಓನರ್ ಕಾರ್ಡಿನ ಬಿಲ್ ನೋಡಿ ಈ ಸಲವೂ ಗೊಣಗಿದರು. ನಾನು ಬಿಡಲಿಲ್ಲ. ಎಂಟೂ ಕಾರ್ಡ್ ನಾನೇ ಹಾಕಿ, ಫಾರ್ಮ್ಯಾಟ್ ಮಾಡಿ, ಒಂದು ಗಂಟೆ ಬಿಟ್ಟು ರೆಕಾರ್ಡ್ ಆಗಿದೆಯಾ ಅಂತ ತೆಗೆದು ನೋಡಿದೆ. ಮೂರನೇ ಕಂಬದ್ದು ಎರಡು ಸಲ ನೋಡಿದೆ.