ಒದ್ದೆ ಮ್ಯಾಟು, ಮಬ್ಬು ದೀಪ: ಹಳೇ ಕಾರಿನ ಚಿಲ್ಲರೆ ಕೆಲಸಗಳು

ನಮ್ಮ ಮನೆ ಮುಂದೆ ಈಗ ಕೆಎ 09 ನಂಬರಿನ ಒಂದು ಬಿಳಿ ಕಾರು ನಿಂತಿದೆ. ಮಂಡ್ಯದ ಗಾಡಿಗಳಿಗೆ ಕೆಎ 11. ಹಾಗಾಗಿ ನಮ್ಮ ಬೀದಿಯವರು ಶುರುವಿನಲ್ಲಿ ಮೈಸೂರಿನಿಂದ ಯಾರೋ ನೆಂಟರು ಬಂದು ಟಿಕಾಣಿ ಹೂಡಿದ್ದಾರೆ ಅಂದುಕೊಂಡಿದ್ದರು. ನೆಂಟರಲ್ಲ, ಅದು ನಮ್ಮದೇ ಗಾಡಿ. ಸರಸ್ವತಿಪುರಂನ ನಿವೃತ್ತರೊಬ್ಬರಿಂದ ಕೊಂಡಿದ್ದು. 2014ರ ಮಾಡೆಲ್, ಪೆಟ್ರೋಲ್, ಒಬ್ಬರೇ ಓನರ್. ಕಂಪನಿ ಯಾವುದು ಅಂತ ಹೇಳುವುದಿಲ್ಲ. ಆ ವಯಸ್ಸಿನ ಯಾವ ಕಾರಿಗಾದರೂ ಬರುವಂಥ ತೊಂದರೆಗಳೇ ಇವು. ಸುಮ್ನೆ ಯಾಕೆ ಹೆಸರು ಕೆಡಿಸಬೇಕು?

ಎಂಜಿನ್, ಕ್ಲಚ್ಚು, ಗೇರು ನನ್ನ ವಿಷಯವಲ್ಲ. ಅದಕ್ಕೆ ನೋಡಲು ಹೋಗುವಾಗಲೇ ಗುತ್ತಲು ರಸ್ತೆಯ ಮೆಕ್ಯಾನಿಕ್ ಅಣ್ಣನನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಅವರು ಗಾಡಿಯನ್ನು ಚಾಮುಂಡಿ ಬೆಟ್ಟ ಹತ್ತಿಸಿದರು. ಮೇಲೆ ನಿಲ್ಲಿಸಿ ಟೆಂಪರೇಚರ್ ಮುಳ್ಳು ನೋಡಿದರು, ಬಾನೆಟ್ ಎತ್ತಿ ಮೂಸಿದರು. ಇಳಿಯುವಾಗ ಬ್ರೇಕ್ ಒತ್ತಿ ಗಾಡಿ ಒಂದು ಕಡೆಗೆ ಎಳೆಯುತ್ತದಾ ಅಂತ ನೋಡಿದರು. ಕೊನೆಗೆ ತೀರ್ಪು ಕೊಟ್ಟರು: "ಇಂಜಿನ್ ಚೆನ್ನಾಗದೆ ಕಣಕ್ಕ, ತಗಳಿ. ಚಿಲ್ಲರೆ ಕೆಲ್ಸ ಒಂದಷ್ಟವೆ, ಮಾಡ್ಕಂಡ್ರಾಯ್ತು ಬುಡಿ."

ಆ ಚಿಲ್ಲರೆ ಕೆಲಸಗಳದ್ದೇ ಈ ಬರಹ. ನಾನು ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವವಳು. ಮನೆಯಲ್ಲಿ ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರ್ ಇದೆ. ಬಿಚ್ಚಿ ನೋಡುವ ಚಟವೂ ಇದೆ. ಹಳೇ ಗಾಡಿಯಲ್ಲಿ "ಪಾರ್ಟ್ ಹೋಗಿದೆ" ಅನ್ನುವ ಹತ್ತು ಸಲದಲ್ಲಿ ಏಳೆಂಟು ಸಲ ಪಾರ್ಟ್ ಹೋಗಿರುವುದಿಲ್ಲ. ಕೊಳೆ, ತುಕ್ಕು, ಒಣಗಿದ ರಬ್ಬರು, ಸಡಿಲ ನಟ್ಟು, ಇಷ್ಟೇ ಅನ್ನುವುದು ನನ್ನ ವಾದ. ನಮ್ಮ ಮನೆಯವರು ಇದನ್ನು ಒಪ್ಪುವುದಿಲ್ಲ. ಅವರದ್ದು ಹೊಸದು ಹಾಕಿಸಿ ನೆಮ್ಮದಿಯಾಗಿರುವ ಪಕ್ಷ.

ಮೊದಲು ಕಾಡಿದ್ದು ಎಡಗಡೆ ಮುಂದಿನ ಸೀಟಿನ ಕೆಳಗಿನ ಮ್ಯಾಟು. ಯಾವಾಗ ಮುಟ್ಟಿದರೂ ಒದ್ದೆ. ಕೊಡುವಾಗ ಅವರು "ತೊಳೆಸಿದ್ದೆವು" ಅಂದಿದ್ದರು. ತೊಳೆಸಿದ್ದು ಒಣಗಬೇಕಲ್ವಾ? ಇದು ಒಣಗುವ ಬದಲು ವಾಸನೆ ಹೊಡೆಯಲು ಶುರು ಮಾಡಿತು. ಒಂದು ಗ್ಯಾರೇಜಿಗೆ ಫೋನ್ ಮಾಡಿದರೆ ಗಾಡಿ ನೋಡದೆಯೇ "ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು, ಕೂಲಿಂಗ್ ಕಾಯಿಲ್ ಹೋಗಿರುತ್ತೆ" ಅಂದುಬಿಟ್ಟರು. ಅವರು ಹೇಳಿದ ಮೊತ್ತಕ್ಕೆ ಒಂದು ಒಳ್ಳೆಯ ಫ್ರಿಜ್ಜೇ ಬರುತ್ತಿತ್ತು.

ಕಾರಿನೊಳಗೆ ನೀರು ಬರಲು ಸಾಮಾನ್ಯವಾಗಿ ಮೂರು ದಾರಿ. ಒಂದು, ಮಳೆ ನೀರು. ವೈಪರ್ ಕೆಳಗಿನ ತೊಟ್ಟಿಯಲ್ಲಿ ಎಲೆ ಕಟ್ಟಿಕೊಂಡು ನೀರು ಒಳಕ್ಕೆ ತಿರುಗುತ್ತದೆ. ಎರಡು, ಹೀಟರಿನ ಕಡೆಯಿಂದ ಕೂಲೆಂಟ್, ಅಂದರೆ ಎಂಜಿನ್ನನ್ನು ತಣ್ಣಗಿಡುವ ದ್ರವ, ಸೋರುವುದು. ಅದಾದರೆ ಕೈಗೆ ಅಂಟಂಟು, ಸಿಹಿ ವಾಸನೆ, ಗಾಜಿನ ಮೇಲೆ ಒಳಗಿನಿಂದ ಜಿಡ್ಡು. ಅದನ್ನು ಮಾತ್ರ ತಡಮಾಡದೆ ತೋರಿಸಬೇಕು. ಕೂಲೆಂಟ್ ಖಾಲಿಯಾದರೆ ಎಂಜಿನ್ನಿಗೇ ಅಪಾಯ, ಜೊತೆಗೆ ಅದು ವಿಷ. ಮೂರು, ಏಸಿ ನೀರು. ತಣ್ಣಗಿನ ಕಾಯಿಲ್ ಮೇಲೆ ಗಾಳಿಯ ತೇವ ಹನಿಗಟ್ಟಿ ಒಂದು ಚಿಕ್ಕ ಪೈಪಿನಲ್ಲಿ ಹೊರಗೆ ಹೋಗಬೇಕು. ಏಸಿ ಹಾಕಿ ನಿಲ್ಲಿಸಿದ ಕಾರಿನ ಕೆಳಗೆ ತೊಟ್ಟಿಕ್ಕುತ್ತದಲ್ಲ, ಅದೇ ನೀರು.

ನಮ್ಮ ಮ್ಯಾಟಿನ ನೀರು ತಿಳಿಯಾಗಿತ್ತು, ಅಂಟಿರಲಿಲ್ಲ. ಮಳೆ ಇರಲಿಲ್ಲ, ಉರಿ ಬಿಸಿಲು. ಏಸಿ ಹಾಕದ ದಿನ ಹೊಸ ನೀರು ಬರುತ್ತಿರಲಿಲ್ಲ. ಏಸಿ ಹಾಕಿ ಅರ್ಧ ಗಂಟೆ ನಿಲ್ಲಿಸಿ ಬಗ್ಗಿ ನೋಡಿದರೆ ಗಾಡಿ ಕೆಳಗಿನ ನೆಲದಲ್ಲಿ ಒಂದು ತೊಟ್ಟೂ ಇಲ್ಲ. ಹೊರಗೆ ಬೀಳಬೇಕಾದದ್ದು ಒಳಗೆ ಬೀಳುತ್ತಿದೆ ಅಂದಮೇಲೆ ಪೈಪ್ ಕಟ್ಟಿದೆ. ಇದಕ್ಕೆ ಡ್ಯಾಶ್‌ಬೋರ್ಡ್ ಯಾಕೆ ಇಳಿಸಬೇಕು?

ಮೆಕ್ಯಾನಿಕ್ ಅಣ್ಣ ಗಾಡಿಯನ್ನು ರ‍್ಯಾಂಪಿಗೆ ಹತ್ತಿಸಿದರು. ಹುಲ್ಲು ಕತ್ತರಿಸುವ ಮೆಷಿನ್ನಿನ ನೈಲಾನ್ ದಾರ ಒಂದು ತುಂಡು ತಂದಿದ್ದೆ. ಕಬ್ಬಿಣದ ತಂತಿ ಹಾಕಿದರೆ ಒಳಗೆ ಏನಾದರೂ ತೂತಾದೀತು ಅನ್ನುವ ಭಯ. ಕಂಪ್ರೆಸರ್ ಗಾಳಿಯನ್ನು ಜೋರಾಗಿ ಹೊಡೆದರೆ ಪೈಪೇ ಕಳಚಿಕೊಳ್ಳಬಹುದು. ದಾರವನ್ನು ಮೆಲ್ಲಗೆ ತಿರುಗಿಸುತ್ತಾ ತಳ್ಳಿದಾಗ ಮೊದಲು ಕಂದು ಬಣ್ಣದ ಗಸಿ ಬಂತು. ಹಿಂದೆಯೇ ಬುಳುಬುಳು ಅಂತ ನೀರು. ಅಣ್ಣನ ಅಂಗಿ ತೋಳು ಪೂರ್ತಿ ನೆನೆಯಿತು. "ಅಯ್ಯೋ, ಕನ್ನಂಬಾಡಿ ಗೇಟೇ ತೆಗ್ದಂಗಾಯ್ತಲ್ಲಕ್ಕ" ಅಂದರು. ಕೆಲಸಕ್ಕೆ ದುಡ್ಡು ಬೇಡ ಅಂದರೂ ನೂರು ರೂಪಾಯಿ ಜೇಬಿಗೆ ತುರುಕಿ ಬಂದೆ.

ಆ ಗಸಿ ಎಲ್ಲಿಂದ ಬಂತು ಅನ್ನುವುದು ಗ್ಲೋವ್ ಬಾಕ್ಸ್ ಕಳಚಿದ ಮೇಲೆ ಗೊತ್ತಾಯಿತು. ಅದರ ಹಿಂದೆ ಏಸಿಯ ಕ್ಯಾಬಿನ್ ಫಿಲ್ಟರ್ ಇರುತ್ತದೆ. ನಮ್ಮದು ಫಿಲ್ಟರ್ ಆಗಿ ಉಳಿದಿರಲಿಲ್ಲ. ಮಳೆಮರದ ಸಣ್ಣ ಎಲೆಗಳು ಒಣಗಿ ಪುಡಿಯಾಗಿ ಮೆತ್ತಿಕೊಂಡಿದ್ದವು. ಮೈಸೂರಿನ ನೆರಳಿನ ರಸ್ತೆಗಳನ್ನು ಎಲ್ಲರೂ ಹೊಗಳುತ್ತಾರೆ, ಅದರ ಕೆಳಗೆ ವರ್ಷಗಟ್ಟಲೆ ನಿಂತ ಕಾರಿನ ಕಥೆ ಇದು. ಎಲೆಗಳ ಜೊತೆ ಕಡಲೆಕಾಯಿ ಸಿಪ್ಪೆ, ಹತ್ತಿ, ಇಲಿ ಹಿಕ್ಕೆ. ಯಾವುದೋ ಇಲಿ ಏಸಿ ಮುಂದೆಯೇ ಸಂಸಾರ ಹೂಡಿತ್ತು. ಹೊಸ ಫಿಲ್ಟರಿಗೆ ಮುನ್ನೂರು ಚಿಲ್ಲರೆ. ಹಾಕುವಾಗ ಅದರ ಮೇಲಿನ ಬಾಣದ ಗುರುತು ಗಾಳಿ ಹೋಗುವ ದಿಕ್ಕಿಗೆ ಇರಬೇಕು. ವೈಪರ್ ಕೆಳಗಿನ ಎಲೆಯನ್ನೂ ಕೈಯಾರೆ ತೆಗೆದೆ. ಇಲ್ಲದಿದ್ದರೆ ಮಳೆಗಾಲದಲ್ಲಿ ಇನ್ನೊಂದು ದಾರಿಯಿಂದ ನೀರು ಬರುತ್ತಿತ್ತು.

ಮ್ಯಾಟ್ ಬಿಸಿಲಿಗೆ ಹಾಕಿದರೆ ಸಾಲದು ಅನ್ನುವುದು ಮುಖ್ಯ. ಕಾರ್ಪೆಟ್ ಅಡಿಯಲ್ಲಿ ದಪ್ಪ ಫೋಮ್ ಇರುತ್ತದೆ, ನೀರನ್ನೆಲ್ಲ ಅದು ಕುಡಿದಿರುತ್ತದೆ. ಅದನ್ನು ಎತ್ತಿ, ಕೆಳಗೆ ಇಟ್ಟಿಗೆ ಚೂರು ಕೊಟ್ಟು, ಬಾಗಿಲು ತೆರೆದಿಟ್ಟು ಒಣಗಿಸಿದೆವು. ಹಾಗೇ ಬಿಟ್ಟರೆ ಅಡಿಯ ತಗಡು ತುಕ್ಕು ಹಿಡಿಯುತ್ತದೆ.

ಇಲಿ ಸುದ್ದಿ ಕೇಳಿ ನಮ್ಮತ್ತೆ ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟಿದ್ದಾರೆ. ಇಲಿ ಬಾರದಿದ್ದರೆ ಹೊಗೆಸೊಪ್ಪಿನ ಮಹಿಮೆ, ಬಂದರೆ ಸೊಪ್ಪು ಹಳೆಯದಾಗಿತ್ತು ಅಂತಾರೆ. ಇಂಥ ಸಿದ್ಧಾಂತವನ್ನು ಯಾವ ಫಿಸಿಕ್ಸ್ ಮೇಷ್ಟರೂ ಸೋಲಿಸಲಾರರು.

ಎರಡನೆಯದು ಬಲಗಡೆಯ ಹೆಡ್‌ಲೈಟ್. ಎಡಗಡೆಯದು ಚೆನ್ನಾಗಿದೆ, ಬಲಗಡೆಯದು ಹಳದಿ ಹಳದಿ. ಬಲ್ಬ್ ಅದಲು ಬದಲು ಮಾಡಿದರೂ ಬಲಗಡೆಯೇ ಮಬ್ಬು. ಅಂದರೆ ಬಲ್ಬಿನ ತಪ್ಪಲ್ಲ. ಅಂಗಡಿಯವರು 100/90 ವಾಟ್ ಬಲ್ಬ್ ಹಾಕಿ ಅಂದರು. ಗಾಡಿಯಲ್ಲಿರುವುದು 60/55 ವಾಟಿನದು, ವೈರೂ ಅದಕ್ಕೆ ತಕ್ಕಷ್ಟೇ ದಪ್ಪ. ದೊಡ್ಡದು ಹಾಕಿದರೆ ವೈರು, ಹೋಲ್ಡರು ಬಿಸಿಯಾಗಿ ಕರಗುವ ಸಂಭವವಿದೆ.

ಮಲ್ಟಿಮೀಟರ್ ಹೊರಗೆ ಬಂತು. ಎಂಜಿನ್ ಚಾಲೂ, ದೀಪ ಹಾಕಿದೆ. ಬ್ಯಾಟರಿಯಲ್ಲಿ 13.8 ವೋಲ್ಟ್. ಎಡ ದೀಪದ ತುದಿಗಳಲ್ಲಿ 13.3. ಬಲ ದೀಪದಲ್ಲಿ 11.9. ಉಳಿದದ್ದು ಎಲ್ಲಿ ಹೋಯಿತು? ಮೀಟರಿನ ಒಂದು ಕಡ್ಡಿಯನ್ನು ಬಲ್ಬಿನ ಅರ್ಥ್ ತುದಿಗೆ (ಕರೆಂಟು ವಾಪಸ್ ಹೋಗುವ ಕಡೆ), ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೆ ಮುಟ್ಟಿಸಿದೆ. ಸೊನ್ನೆಯ ಹತ್ತಿರ ತೋರಿಸಬೇಕಾದದ್ದು 1.4 ತೋರಿಸಿತು. ಕಳ್ಳ ಸಿಕ್ಕಿದ. ಹೆಡ್‌ಲೈಟ್ ಹಿಂದೆ ಅರ್ಥ್ ವೈರನ್ನು ಬಾಡಿಗೆ ಬಿಗಿದಿರುವ ಬೋಲ್ಟ್ ತುಕ್ಕು ಹಿಡಿದಿತ್ತು. ಬ್ಯಾಟರಿ ವೈರ್ ಬಿಚ್ಚಿಟ್ಟು, ಬೋಲ್ಟ್ ತೆಗೆದು, ಉಪ್ಪುಕಾಗದದಿಂದ ತಗಡು ಹೊಳೆಯುವ ತನಕ ಉಜ್ಜಿ, ಬಿಗಿದು, ಮೇಲೆ ಒಂದಿಷ್ಟು ವ್ಯಾಸಲಿನ್ ಸವರಿದೆ. ಈಗ 0.1 ವೋಲ್ಟ್.

ಒಂದೂವರೆ ವೋಲ್ಟಿಗೆ ಇಷ್ಟು ರಾದ್ಧಾಂತವಾ ಅಂತ ನಮ್ಮ ಮನೆಯವರು ಕೇಳಿದರು. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿಗೆ ನೇರ ಪ್ರಮಾಣದಲ್ಲಿ ಇಳಿಯುವುದಿಲ್ಲ. ಸುಮಾರು 3.4ನೇ ಘಾತದಲ್ಲಿ ಇಳಿಯುತ್ತದೆ. ವೋಲ್ಟೇಜ್ ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಬೆಳಕು ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು ಮಾಯ. ಕಬ್ಬು ಕಟಾವಿನ ಕಾಲದಲ್ಲಿ ನಮ್ಮ ರಸ್ತೆಗಳಲ್ಲಿ ರಾತ್ರಿ ಓಡಿಸಿದವರಿಗೆ ಇದರ ಬೆಲೆ ಗೊತ್ತು. ಹಿಂದೆ ದೀಪವಿಲ್ಲದ, ಕಬ್ಬು ಹೇರಿದ ಟ್ರ್ಯಾಕ್ಟರ್ ಟ್ರೈಲರ್ ಹತ್ತಿರ ಬಂದಾಗಲೇ ಕಾಣುವುದು.

ಹೆಡ್‌ಲೈಟ್ ಹೊರಗಿನ ಪ್ಲಾಸ್ಟಿಕ್ ಕೂಡ ಮಂಜಾಗಿತ್ತು. ಟೂತ್‌ಪೇಸ್ಟ್ ಉಜ್ಜಿದರೆ ಹೊಳೆಯುತ್ತದೆ, ನಿಜ. ಆದರೆ ಬಿಸಿಲು ತಡೆಯುವ ಮೇಲಿನ ಪದರವೇ ಹೋಗಿರುವುದರಿಂದ ಸ್ವಲ್ಪ ದಿನಕ್ಕೆ ಮತ್ತೆ ಮಂಜಾಗುತ್ತದೆ. ಪಾಲಿಶ್ ಆದ ಮೇಲೆ ಯುವಿ ಕೋಟಿಂಗ್ ಹೊಡೆಸಿದರೇ ಬಾಳಿಕೆ.

ಡ್ರೈವರ್ ಕಡೆಯ ಗಾಜು ತಿಣುಕುತ್ತಾ ಏರುತ್ತಿತ್ತು. ಮೋಟರ್ ಹೋಗಿದೆ ಅಂದರು. ಗಾಜು ಜಾರುವ ರಬ್ಬರ್ ಬೀಡಿಂಗ್ ಒಳಗೆ ಒದ್ದೆ ಬಟ್ಟೆ ಎಳೆದರೆ ಕಪ್ಪು ಮಣ್ಣು ಬಂತು. ಒಣಗಿಸಿ ಸಿಲಿಕೋನ್ ಸ್ಪ್ರೇ ಹೊಡೆದೆ. ಅಲ್ಲಿಗೆ ಮುಗಿಯಿತು. ಗ್ರೀಸ್ ಮಾತ್ರ ಹಚ್ಚಬೇಡಿ, ಧೂಳೆಲ್ಲ ಅಂಟಿಕೊಳ್ಳುತ್ತದೆ. ಹಂಪ್ಸ್ ಬಂದಾಗಲೆಲ್ಲ ಹಿಂದೆ ಕಟಕಟ ಅನ್ನುತ್ತಿದ್ದದ್ದು ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ಸಡಿಲವಾಗಿ ಬಿದ್ದಿದ್ದ ಜಾಕ್. ಹಳೇ ಸೀರೆ ತುಂಡು ಸುತ್ತಿಟ್ಟೆ.

ನನ್ನ ವಾದ ಸೋತದ್ದು ಟೈರಿನ ವಿಷಯದಲ್ಲಿ. ಟೈರಿನ ಮೇಲಿನ ಕಚ್ಚುಗಳೆಲ್ಲ ಆಳವಾಗಿಯೇ ಇದ್ದವು. ನೋಡಿದವರೆಲ್ಲ "ಇನ್ನೂ ಓಡ್ತದೆ" ಅಂದರು. ಆದರೆ ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಬರೆದ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. ನಮ್ಮದರಲ್ಲಿ 1816 ಇತ್ತು. 2016ನೇ ಇಸವಿಯ 18ನೇ ವಾರ ತಯಾರಾದದ್ದು ಅಂತ. ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕುಗಳೂ ಇದ್ದವು. ಕಡಿಮೆ ಓಡಿದ ಕಾರು ಅಂತ ಖುಷಿಪಡುತ್ತೇವೆ. ಓಡಿದರೂ ನಿಂತರೂ ರಬ್ಬರಿಗೆ ವಯಸ್ಸಾಗುತ್ತದೆ. ಮಂಡ್ಯದ ಪಕ್ಕದಲ್ಲೇ ಬೆಂಗಳೂರು–ಮೈಸೂರು ಹೈವೇ ಹಾದುಹೋಗಿದೆ, 118 ಕಿಲೋಮೀಟರ್. ಅಲ್ಲಿ ಮೇ ತಿಂಗಳ ಮಧ್ಯಾಹ್ನ ನೂರರ ವೇಗದಲ್ಲಿ ಟೈರ್ ಸಿಡಿದರೆ ಮಲ್ಟಿಮೀಟರ್ ಏನು ಮಾಡೀತು? ನಾಲ್ಕೂ ಬದಲಾಯಿಸಿದೆವು. ಇಡೀ ಲೆಕ್ಕದಲ್ಲಿ ದೊಡ್ಡ ಖರ್ಚು ಅದೇ. ನಮ್ಮ ಮನೆಯವರು ಅವತ್ತು ಬಹಳ ಪ್ರಸನ್ನರಾಗಿದ್ದರು. ಬ್ರೇಕ್ ಆಯಿಲ್ಲನ್ನೂ ಅಣ್ಣನ ಕೈಯಲ್ಲೇ ಬದಲು ಮಾಡಿಸಿದೆ. ಅದು ಗಾಳಿಯ ತೇವ ಹೀರಿಕೊಳ್ಳುವ ದ್ರವ, ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಬ್ರೇಕಿಗೆ ನಾನು ಕೈ ಹಾಕುವುದಿಲ್ಲ.

ಕಾಗದದ ಕೆಲಸ ಚುಟುಕಾಗಿ: ಗಾಡಿಯನ್ನು ನಿಮ್ಮ ಹೆಸರಿಗೆ ವರ್ಗಾಯಿಸುವ ಫಾರಂ 29, 30 ಎರಡಕ್ಕೂ ದುಡ್ಡು ಕೊಡುವ ದಿನವೇ ಸಹಿ ಹಾಕಿಸಿಕೊಳ್ಳಿ. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಾಯಿಸಲು ಅರ್ಜಿ ಕೊಡಬೇಕು. ಆರ್‌ಸಿ ಬರಲಿ, ಆಮೇಲೆ ನೋಡೋಣ ಅಂತ ಕೂರುವವರೇ ಜಾಸ್ತಿ.

ಉಳಿದಿರುವುದು ಎಡಗಡೆ ಹಿಂದಿನ ಬಾಗಿಲಿನ ನೆಗ್ಗು. ಟಿಂಕರಿಂಗು, ಪೇಂಟು ಸೇರಿ ಅವರು ಹೇಳಿದ ರೇಟಿಗೆ ಆ ಬಾಗಿಲು ಹಾಗೇ ಚೆನ್ನಾಗಿದೆ ಅನ್ನಿಸಿತು. ಗಾಡಿಯ ಎಡಗಡೆಯನ್ನು ನಮ್ಮ ಕಾಂಪೌಂಡ್ ಗೋಡೆಗೆ ತಾಗಿಸಿ ನಿಲ್ಲಿಸುತ್ತೇವೆ, ಬೀದಿಯವರಿಗೆ ಕಾಣುವುದಿಲ್ಲ.