ಪೂಲ್ ಮುಚ್ಚುವಾಗ ನೀರು ಎಲ್ಲಿರಬೇಕು, ಎಲ್ಲಿರಬಾರದು

ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಕನೆಕ್ಟಿಕಟ್ ಕಡೆ ಹಿತ್ತಲಲ್ಲಿ ಪೂಲ್ ಇರುವ ಮನೆ ಕೊಂಡವರು ಮೊದಲ ಚಳಿಗಾಲಕ್ಕೆ ಮುಂಚೆ, ಪೂಲನ್ನು ವಸಂತದವರೆಗೆ ಮುಚ್ಚಿಡುವಾಗ, ಕೇಳುವ ಪ್ರಶ್ನೆ ಒಂದೇ: ನೀರನ್ನೆಲ್ಲ ಖಾಲಿ ಮಾಡಬೇಕಾ? ಖಂಡಿತ ಬೇಡ. ಪೂಲಿನೊಳಗಿನ ನೀರು ಅಲ್ಲೇ ಇರಬೇಕು. ಪೈಪು, ಪಂಪು, ಫಿಲ್ಟರ್, ಹೀಟರ್‌ಗಳಲ್ಲಿ ಮಾತ್ರ ನೀರು ಉಳಿಯಬಾರದು.

ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಪೂಲಿನಲ್ಲಿ ಮೇಲೆ ತೆರೆದ ಜಾಗ ಇರುವುದರಿಂದ ತೊಂದರೆ ಕಡಿಮೆ. ಪೈಪಿನಲ್ಲಿ ಹಿಗ್ಗಲು ಜಾಗವೇ ಇಲ್ಲ. ಪೈಪಿನ ಬಾಗಿದ ಜೋಡಣೆ (ಎಲ್ಬೋ) ಸೀಳುತ್ತದೆ, ಪಂಪಿನ ಹೊರಕವಚ ಬಿರುಕು ಬಿಡುತ್ತದೆ, ಹೀಟರಿನ ತಾಮ್ರದ ಕೊಳವೆ ಒಡೆಯುತ್ತದೆ. ಪೂಲನ್ನೇ ಖಾಲಿ ಮಾಡಿದರೆ ಅಪಾಯ ಬೇರೆ ಥರದ್ದು: ನೆಲದೊಳಗಿನ ನೀರಿನ ಒತ್ತಡಕ್ಕೆ ಕಾಂಕ್ರೀಟ್ ತೊಟ್ಟಿ ಮೇಲೇಳಬಹುದು. ವಿನೈಲ್ ಲೈನರ್ (ಪೂಲಿನ ಒಳಮೈಗೆ ಹಾಸುವ ಪ್ಲಾಸ್ಟಿಕ್ ಹಾಳೆ) ಆದರೆ ಒಣಗಿ ಕುಗ್ಗಿ, ಮತ್ತೆ ನೀರು ತುಂಬುವಾಗ ಹರಿದುಹೋಗುತ್ತದೆ.

ಲೇಬರ್ ಡೇ (ಸೆಪ್ಟೆಂಬರ್‌ನ ಮೊದಲ ಸೋಮವಾರ) ಮುಗಿದ ಕೂಡಲೇ ಮುಚ್ಚುವವರು ಬಹಳ. ಅದು ಆತುರ. ನೀರಿನ ಉಷ್ಣತೆ ಸತತವಾಗಿ 60 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಹೆಚ್ಚುಕಡಿಮೆ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುವವರೆಗೆ ಕಾಯಿರಿ. ಬೆಚ್ಚಗಿನ ನೀರನ್ನು ಮುಚ್ಚಿದರೆ ಕ್ಲೋರಿನ್ ಬೇಗ ಖರ್ಚಾಗಿ ಪಾಚಿ ಬೆಳೆಯುತ್ತದೆ, ಏಪ್ರಿಲ್‌ನಲ್ಲಿ ಕವರ್ ಎತ್ತಿದರೆ ಹಸಿರು ನೀರು.

ಮುಚ್ಚುವ ವಾರ ಮೊದಲು ಎಲೆ, ಕಸ ಪೂರ್ತಿ ತೆಗೆದು ಗೋಡೆ ಉಜ್ಜಿ. ಪಿಎಚ್ 7.4ರಿಂದ 7.6, ಆಲ್ಕಲಿನಿಟಿ (ಕ್ಷಾರತೆ) 80ರಿಂದ 120 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ) ಇರಲಿ. ಪ್ಲಾಸ್ಟರ್ ಪೂಲ್ ಆದರೆ ಕ್ಯಾಲ್ಸಿಯಂ ಕಡೆಗೂ ಗಮನ ಬೇಕು. ತಣ್ಣೀರಿಗೆ ಪ್ಲಾಸ್ಟರ್ ಕರಗಿಸುವ ಗುಣ ಹೆಚ್ಚು, ಹಾಗಾಗಿ ಬೇಸಿಗೆಯಲ್ಲಿ ಸರಿಯಿದ್ದ ನೀರೇ ಜನವರಿಯಲ್ಲಿ ಗೋಡೆಯನ್ನು ತಿನ್ನಬಹುದು. ಕ್ಯಾಲ್ಸಿಯಂ 200 ಪಿಪಿಎಂಗಿಂತ ಕಡಿಮೆಯಾಗಲು ಬಿಡಬೇಡಿ. ಆಮೇಲೆ ಶಾಕ್, ಅಂದರೆ ಒಮ್ಮೆಲೇ ಹೆಚ್ಚು ಕ್ಲೋರಿನ್ ಹಾಕುವುದು. 20,000 ಗ್ಯಾಲನ್, ಅಂದರೆ 75,000 ಲೀಟರ್ ಚಿಲ್ಲರೆ ನೀರಿಗೆ 10 ಪಿಪಿಎಂ ಕ್ಲೋರಿನ್ ಏರಿಸಲು ಶೇ. 12.5ರ ದ್ರವ ಕ್ಲೋರಿನ್ ಸುಮಾರು 6 ಲೀಟರ್ ಬೇಕು. ಸಂಜೆ ಪಂಪ್ ಓಡುತ್ತಿರುವಾಗ ಹಾಕಿ. ಪಾಲಿಕ್ವಾಟ್ 60 ಎಂಬ ಆಲ್ಜಿಸೈಡ್ (ಪಾಚಿನಾಶಕ) ಬಳಸುವುದಾದರೆ ಕ್ಲೋರಿನ್ ಇಳಿದ ಮೇಲೆ, ಲೇಬಲ್ ಅಳತೆಯಂತೆ. ಎರಡನ್ನೂ ಒಟ್ಟಿಗೆ ಸುರಿದರೆ ಕ್ಲೋರಿನ್ ಅದನ್ನು ಒಡೆದುಹಾಕುತ್ತದೆ, ದುಡ್ಡು ದಂಡ. ತಾಮ್ರದ ಆಲ್ಜಿಸೈಡ್ ಗೋಡೆಗೆ ಕಲೆ ಮಾಡಬಹುದು, ಅದು ಬೇಡವೇ ಬೇಡ.

ಇನ್ನು ಮುಖ್ಯ ಕೆಲಸ, ಲೈನ್ ಊದುವುದು, ಅಂದರೆ ಪೈಪಿನೊಳಗಿನ ನೀರನ್ನು ಗಾಳಿಯಿಂದ ಹೊರತಳ್ಳುವುದು. ಮೊದಲು ಫಿಲ್ಟರ್ ಬ್ಯಾಕ್‌ವಾಶ್ ಮಾಡಿ (ನೀರನ್ನು ಹಿಮ್ಮುಖವಾಗಿ ಹಾಯಿಸಿ ತೊಳೆಯಿರಿ), ನೀರಿನ ಮಟ್ಟ ಸ್ಕಿಮ್ಮರ್ (ಮೇಲೆ ತೇಲುವ ಕಸವನ್ನು ಎಳೆದುಕೊಳ್ಳುವ ಗೋಡೆಯ ಕಿಂಡಿ) ಬಾಯಿಗಿಂತ ನಾಲ್ಕೈದು ಇಂಚು ಕೆಳಗೆ ಇಳಿಸಿ. ಪಂಪಿನ ಬ್ರೇಕರ್ ಆಫ್ ಮಾಡಿ. ಟೈಮರ್ ಇದ್ದರೆ ಅದೂ ಆಫ್ ಆಗಿರಲಿ, ಇಲ್ಲವಾದರೆ ಒಣ ಪಂಪ್ ಓಡಿ ಸೀಲ್ ಸುಟ್ಟೀತು. ಊದಲು ದೊಡ್ಡ ವೆಟ್-ಡ್ರೈ ವ್ಯಾಕ್ಯೂಮಿನ ಬ್ಲೋವರ್ ಸಾಕು. ಏರ್ ಕಂಪ್ರೆಸರ್ ಬೇಡ: ಒತ್ತಡ ಜಾಸ್ತಿ, ಗಾಳಿಯ ಪ್ರಮಾಣ ಕಡಿಮೆ, ಮುಚ್ಚಿದ ಫಿಲ್ಟರ್ ಟ್ಯಾಂಕಿಗೆ ಆ ಒತ್ತಡ ಹೋದರೆ ಮುಚ್ಚಳ ಸಿಡಿದು ಪ್ರಾಣಕ್ಕೇ ಅಪಾಯ. ಬ್ಲೋವರನ್ನು ಅಡಾಪ್ಟರ್ ಹಾಕಿ ಪಂಪಿನ ಡ್ರೈನ್ ತೂತಿಗೆ ಸಿಕ್ಕಿಸಿ, ಫಿಲ್ಟರಿನ ಮೂಲಕ ನೀರು ಹೋಗುವ ದಾರಿ ಬದಲಿಸುವ ಮಲ್ಟಿಪೋರ್ಟ್ ವಾಲ್ವನ್ನು ರಿಸರ್ಕ್ಯುಲೇಟ್‌ಗೆ ಇಡಿ. ಆಗ ಗಾಳಿ ಫಿಲ್ಟರನ್ನು ಬಿಟ್ಟು ಹೋಗುತ್ತದೆ.

ರಿಟರ್ನ್ ಬಾಯಿಯನ್ನು, ಅಂದರೆ ಸೋಸಿದ ನೀರು ಪೂಲಿಗೆ ವಾಪಸ್ ಬರುವ ತೂತನ್ನು, ನೋಡುತ್ತಿರಿ. ಮೊದಲು ನೀರು ತಳ್ಳಿಕೊಂಡು ಬರುತ್ತದೆ, ಆಮೇಲೆ ನೀರೂ ಗಾಳಿಯೂ ಸೇರಿ ಬುಸುಗುಡುತ್ತವೆ, ಕೊನೆಗೆ ಬರೀ ಗಾಳಿಗುಳ್ಳೆ. ಗುಳ್ಳೆ ಜೋರಾಗಿ ಬರುತ್ತಿರುವಾಗಲೇ ರಬ್ಬರ್ ಪ್ಲಗ್ ತುರುಕಿ ಚಿಟ್ಟೆ ನಟ್ ಬಿಗಿ ಮಾಡಿ. ಬ್ಲೋವರ್ ನಿಲ್ಲಿಸಿ ಆಮೇಲೆ ಪ್ಲಗ್ ಹಾಕಿದರೆ ನೀರು ವಾಪಸ್ ಒಳಗೆ ನುಗ್ಗಿರುತ್ತದೆ. ಒಂದು ರಿಟರ್ನ್ ಮುಚ್ಚಿದ ಮೇಲೆ ಮುಂದಿನದಕ್ಕೆ ಗಾಳಿಯ ಬಲ ಹೆಚ್ಚುತ್ತದೆ. ಸ್ಕಿಮ್ಮರ್ ಲೈನನ್ನೂ ಹೀಗೇ ಊದಿ, ಗಿಜ್ಮೊ ಎಂಬ ಟೊಳ್ಳು ಪ್ಲಾಸ್ಟಿಕ್ ಪ್ಲಗ್ಗಿಗೆ ಟೆಫ್ಲಾನ್ ಟೇಪ್ ಸುತ್ತಿ ತಿರುಗಿಸಿ ಕೂರಿಸಿ. ಸ್ಕಿಮ್ಮರ್‌ನೊಳಗೆ ಮಂಜುಗಡ್ಡೆ ಒತ್ತಿದಾಗ ಸ್ಕಿಮ್ಮರ್ ಒಡೆಯುವ ಬದಲು ಗಿಜ್ಮೊ ಕುಗ್ಗುತ್ತದೆ. ತಳದ ಮೇನ್ ಡ್ರೈನಿಗೆ ಪ್ಲಗ್ ಹಾಕಲು ಆಗುವುದಿಲ್ಲ. ತಳದಿಂದ ದೊಡ್ಡ ಗುಳ್ಳೆಗಳು ಏಳುತ್ತಿರುವಾಗ ಅದರ ವಾಲ್ವ್ ಮುಚ್ಚಿ. ಒಳಗೆ ಸಿಕ್ಕಿಕೊಂಡ ಗಾಳಿಯೇ ನೀರನ್ನು ತಡೆಯುತ್ತದೆ.

ಆಂಟಿಫ್ರೀಜ್ ಸುರಿದರೆ ಊದುವುದು ಬೇಡ ಅನ್ನುವುದು ತಪ್ಪು. ಪೈಪಲ್ಲಿರುವ ನೀರಿಗೆ ಬೆರೆತು ಅದು ತೆಳ್ಳಗಾಗುತ್ತದೆ. ಊದಿದ್ದು ಪೂರ್ತಿಯಾಗಿಲ್ಲ ಅನ್ನಿಸಿದ ಲೈನಿಗೆ ಮಾತ್ರ ಹಾಕಿ, ಅದೂ ಪೂಲಿಗೆಂದೇ ಮಾರುವ ಪ್ರೊಪಿಲೀನ್ ಗ್ಲೈಕಾಲ್. ಕಾರಿನ ಎಥಿಲೀನ್ ಗ್ಲೈಕಾಲ್ ವಿಷ.

ಪಂಪು, ಫಿಲ್ಟರ್, ಹೀಟರ್‌ಗಳ ಡ್ರೈನ್ ಪ್ಲಗ್ ಎಲ್ಲ ಬಿಚ್ಚಿ. ಪಂಪಿಗೆ ಸಾಮಾನ್ಯವಾಗಿ ಎರಡಿರುತ್ತವೆ, ಎರಡನೆಯದನ್ನೇ ಜನ ಮರೆಯುವುದು. ಪ್ಲಗ್ಗು, ಪ್ರೆಶರ್ ಗೇಜ್ ಎಲ್ಲವನ್ನೂ ಪಂಪಿನ ಬಾಸ್ಕೆಟ್‌ನಲ್ಲೇ ಹಾಕಿಟ್ಟರೆ ವಸಂತದಲ್ಲಿ ಹುಡುಕಬೇಕಿಲ್ಲ. ಮಲ್ಟಿಪೋರ್ಟ್ ಹಿಡಿಯನ್ನು ಎರಡು ಸ್ಥಾನಗಳ ನಡುವೆ ಬಿಡಿ. ಕ್ಲೋರಿನೇಟರಿನ ಮಾತ್ರೆಗಳನ್ನು ತೆಗೆಯಿರಿ. ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಸೆಲ್, ಫಿಲ್ಟರಿನ ಕಾರ್ಟ್ರಿಡ್ಜ್ ಮನೆಯೊಳಗೆ ಇಡಿ.

ಕವರ್ ವಿಷಯದಲ್ಲಿ, ಮಕ್ಕಳಿರುವ ಮನೆಗೆ ಹಿತ್ತಾಳೆ ಆಂಕರ್, ಸ್ಪ್ರಿಂಗ್ ಇರುವ ಸೇಫ್ಟಿ ಕವರೇ ಸರಿ. ಟಾರ್ಪಾಲಿನ್ ಹಾಕುವವರು ಅಂಚಿಗೆ ಇಟ್ಟಿಗೆ ಇಡಬೇಡಿ, ಒಳಗೆ ಬಿದ್ದರೆ ಲೈನರ್ ತೂತಾಗುತ್ತದೆ. ನೀರಿನ ಚೀಲ ಇಡಿ, ಮುಕ್ಕಾಲು ಭಾಗ ಮಾತ್ರ ತುಂಬಿ. ನೀರು ಸೋಸದ ಕವರಿನ ಮೇಲೆ ಮಳೆನೀರು ನಿಂತರೆ ಕವರ್ ಪಂಪಿನಿಂದ ತಕ್ಷಣ ತೆಗೆಯಿರಿ. ಕೆಲವೇ ಇಂಚು ನೀರಲ್ಲೂ ಮಗು ಮುಳುಗುತ್ತದೆ. ಮೇಲೆ ಕಟ್ಟಿದ ಮಂಜುಗಡ್ಡೆಯನ್ನು ಒಡೆಯಬೇಡಿ, ತಾನಾಗಿ ಕರಗಲಿ.

ತಿಂಗಳಿಗೊಮ್ಮೆ ಕವರಿನ ಮೂಲೆ ಎತ್ತಿ ಮಟ್ಟ ನೋಡಿ. ಮೆಶ್ (ನೀರು ಇಳಿಯುವ ಜಾಲರಿ) ಕವರಿನಡಿ ಹಿಮ ಕರಗಿದ ನೀರು ಟೈಲ್ಸ್ ಮುಟ್ಟಿದರೆ ಸಬ್‌ಮರ್ಸಿಬಲ್ ಪಂಪಿನಿಂದ ಇಳಿಸಿ, ಇಲ್ಲವಾದರೆ ಹೆಪ್ಪುಗಟ್ಟಿ ಟೈಲ್ಸ್ ಉದುರುತ್ತವೆ. ಮಟ್ಟ ಇಳಿಯುತ್ತಾ ಹೋದರೆ ಎಲ್ಲೋ ಸೋರಿಕೆಯಿದೆ. ಕೆಳಗೆ ನೀರಿನ ಆಸರೆ ಇಲ್ಲದ ಕವರ್ ಹಿಮದ ಭಾರಕ್ಕೆ ಆಂಕರನ್ನೇ ಕಿತ್ತುಕೊಂಡು ಬರುತ್ತದೆ. ಮತ್ತೆ ನೀರು ತುಂಬಿ, ಬೇಸಿಗೆಗೆ ಕಾಯಬೇಡಿ.

ಬೆಂಗಳೂರಿಗೆ ಇದ್ಯಾವುದೂ ಬೇಡ. ಅಲ್ಲಿನ ದಾಖಲೆ ಕನಿಷ್ಠವೇ 7.8 ಡಿಗ್ರಿ ಸೆಲ್ಸಿಯಸ್, 1884ರ ಜನವರಿಯದು. ಪಂಪ್ ಓಡಿಸುವ ಗಂಟೆ ಕಡಿಮೆ ಮಾಡಿ ಕ್ಲೋರಿನ್, ಪಿಎಚ್ ನೋಡಿಕೊಂಡರೆ ಆಯಿತು.

ಟೆಕ್ಸಸ್‌ನಲ್ಲಿರುವವರದು ನಡುವಿನ ಸ್ಥಿತಿ. ಅಲ್ಲಿ ಸಾಮಾನ್ಯವಾಗಿ ಪೂಲ್ ಮುಚ್ಚುವುದಿಲ್ಲ, ಚಳಿ ಬಂದಾಗ ಫ್ರೀಜ್ ಪ್ರೊಟೆಕ್ಷನ್ ಎಂಬ ವ್ಯವಸ್ಥೆ ಪಂಪನ್ನು ತಾನಾಗಿ ಓಡಿಸುತ್ತದೆ, ಹರಿಯುವ ನೀರು ಸುಲಭಕ್ಕೆ ಹೆಪ್ಪುಗಟ್ಟುವುದಿಲ್ಲ. ಆದರೆ 2021ರ ಫೆಬ್ರವರಿಯಲ್ಲಿ ಚಳಿಯ ಜೊತೆ ಕರೆಂಟೂ ಹೋಯಿತು, ಪಂಪು ಫಿಲ್ಟರ್‌ಗಳು ರಾಶಿ ರಾಶಿ ಒಡೆದವು. ಹಾಗೇನಾದರೂ ಆದರೆ ಕಾಯುತ್ತಾ ಕೂರಬೇಡಿ. ಬ್ರೇಕರ್ ಆಫ್ ಮಾಡಿ, ನೀರಿನ ಮಟ್ಟ ಉಪಕರಣಕ್ಕಿಂತ ಮೇಲಿದ್ದರೆ ಪೂಲ್ ಕಡೆಯ ವಾಲ್ವ್‌ಗಳನ್ನು ಮುಚ್ಚಿ, ಪಂಪಿನ ಮುಚ್ಚಳ, ಡ್ರೈನ್ ಪ್ಲಗ್, ಫಿಲ್ಟರಿನ ಏರ್ ವಾಲ್ವ್ ತೆರೆದು ಹೀಟರ್ ಸಮೇತ ಎಲ್ಲ ನೀರು ಹರಿಯಲು ಬಿಡಿ. ಕರೆಂಟ್ ಬಂದ ಮೇಲೆ ಪ್ಲಗ್ ಹಾಕಿ, ವಾಲ್ವ್ ತೆರೆದು, ಪಂಪಿನ ಬಾಸ್ಕೆಟ್ ತುಂಬ ನೀರು ಸುರಿದು ಮುಚ್ಚಳ ಬಿಗಿಮಾಡಿ, ಆಮೇಲಷ್ಟೇ ಬ್ರೇಕರ್ ಆನ್ ಮಾಡಿ.